ಮಜೀದನ ಮಾತಿನ ಮೇಲೆ ಕೊಂಡ ಜೀಪು

ಕಾಗಿಣಾ ನದಿಗೆ ಸೇತುವೆ ಆದ ದಿನ ಹಳೇದಂಡಿ ಊರಿನವರೆಲ್ಲ ಪೇಢೆ ಹಂಚಿ ತಿಂದರು. ದೋಣಿಯ ಅಂಬರಾಯನೂ ಎರಡು ತಿಂದ. ಮನೆಗೆ ಬಂದು ಕೈ ತೊಳೆಯುವಾಗ ಅವನಿಗೆ ಹೊಳೆಯಿತು: ತನ್ನ ಅನ್ನಕ್ಕೆ ಕಲ್ಲು ಬಿದ್ದದ್ದಕ್ಕೆ ತಾನೇ ಬಾಯಿ ಸಿಹಿ ಮಾಡಿಕೊಂಡು ಬಂದೆನಲ್ಲ! ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ ಅದು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಜನರನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸಿಯೇ ಹೊಟ್ಟೆ ಹೊರೆದವರು. ಅಂಬರಾಯನಿಗೆ ಆಗ ನಲವತ್ತಾರು ವರ್ಷ. ಈಜು ಬರುತ್ತಿತ್ತು, ಹುಟ್ಟು ಹಾಕುವುದು ಬರುತ್ತಿತ್ತು, ನೀರಿನ ಬಣ್ಣ ನೋಡಿ ಮೇಲೆ ಎಲ್ಲಿ ಮಳೆಯಾಗಿದೆ ಎಂದು ಹೇಳುವುದು ಬರುತ್ತಿತ್ತು. ಸೇತುವೆಯ ಮೇಲೆ ಇವು ಯಾವುದಕ್ಕೂ ಕವಡೆ ಕಿಮ್ಮತ್ತಿಲ್ಲ.

ಉಳಿದ ದಾರಿ ಎರಡೇ. ಶಹಾಬಾದಿನ ಖಣಿಗೆ ಹೋಗಿ ಫರಸಿ ಕಲ್ಲು ಒಡೆಯುವುದು ಒಂದು. ಜನರನ್ನು ದಾಟಿಸುವ ಕಸುಬನ್ನೇ ನೆಲದ ಮೇಲೆ ಮುಂದುವರಿಸುವುದು ಇನ್ನೊಂದು. ಅದೇ ಹೊತ್ತಿಗೆ ಶಹಾಬಾದಿನ ಗುತ್ತೇದಾರನೊಬ್ಬ ಹಳೇ ಜೀಪು ಮಾರುತ್ತಾನೆ ಎಂಬ ಸುದ್ದಿ ಬಂತು. ಮೊದಲು ಮಿಲಿಟರಿಯಲ್ಲಿ ದುಡಿದು, ಆಮೇಲೆ ಖಣಿಯ ಧೂಳು ತಿಂದು, ಈಗ ಬಣ್ಣ ಯಾವುದೆಂದೇ ಹೇಳಲಾಗದ ಗಾಡಿ. ಎರಡು ಸಾವಿರದ ಎಂಟುನೂರು ರೂಪಾಯಿ. ದೋಣಿ, ಎರಡು ಎಮ್ಮೆ, ಹೆಂಡತಿ ಮಾಣಿಕಮ್ಮನ ಬೋರಮಾಳ ಸರ ಎಲ್ಲ ಹೋದರೆ ಅಷ್ಟಾಗುತ್ತಿತ್ತು.

"ಎಮ್ಮಿ ಆದ್ರ ಬಾಯಿ ತಗದು ಹಲ್ಲ ನೋಡಬಹುದು," ಎಂದಳು ಮಾಣಿಕಮ್ಮ. "ಇದರದು ಏನ್ ನೋಡ್ತೀರಿ ನೀವು?"

"ನಾ ಯಾಕ ನೋಡ್ಲಿ? ಮಜೀದಣ್ಣ ನೋಡ್ತಾನ."

ಅಬ್ದುಲ್ ಮಜೀದ ವಾಡಿ ಸ್ಟೇಷನ್ನಿನ ಎದುರು ತಗಡಿನ ಶೆಡ್ಡು ಹಾಕಿಕೊಂಡಿದ್ದ ಮಿಸ್ತ್ರಿ. ಅರವತ್ತರ ಹತ್ತಿರದ ಮನುಷ್ಯ. ಆಚೆ ದಂಡೆಯ ಹಿಟ್ಟಿನ ಗಿರಣಿಗಳ ಇಂಜಿನ್ನು ಕೆಟ್ಟಾಗಲೆಲ್ಲ ಪಾನಾ, ಸುತ್ತಿಗೆ ತುಂಬಿದ ಚೀಲ ಹೊತ್ತು ಅಂಬರಾಯನ ದೋಣಿ ಹತ್ತಿ ಹೋಗುತ್ತಿದ್ದವನು. ಇಪ್ಪತ್ತು ವರ್ಷದ ಬಳಕೆ. ಅವನು ಗುತ್ತೇದಾರನ ಅಂಗಳಕ್ಕೆ ಬಂದು ಜೀಪಿನ ಕೆಳಗೆ ತೂರಿದ, ಇಂಜಿನ್ನು ಚಾಲೂ ಮಾಡಿಸಿ ಅರ್ಧ ತಾಸು ಕಿವಿಗೊಟ್ಟು ನಿಂತ, ಎಣ್ಣೆಯ ಕಡ್ಡಿ ಎಳೆದು ಮೂಸಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದ: "ಅಂಬರಾಯ, ಹಳೇ ಗಾಡಿ ಅದ. ದಿನಾ ಏನಾದ್ರೊಂದು ಕೇಳ್ತದ. ಖರೆ ಎದಿ ಗಟ್ಟಿ ಅದ. ತಗೋ. ನಾಳಿ ಇದು ಏರ ಹತ್ತಲಿಲ್ಲಂದ್ರ ಊರಿಗೆಲ್ಲ ನನ್ನ ಹೆಸರ ಹೇಳು."

ಆ ಒಂದು ಮಾತಿನ ಮೇಲೆ ಅಂಬರಾಯ ಮನೆಯಲ್ಲಿದ್ದದ್ದನ್ನೆಲ್ಲ ಸುರಿದ. ಮಜೀದನ ಮಾತು ಖರೆಯಾದರೆ ಅನ್ನ, ಸುಳ್ಳಾದರೆ ಖಣಿ.

ಬೇಸಿಗೆಯಲ್ಲಿ ಒಣಗಿದ ನದಿಯ ಮರಳಿನಲ್ಲೇ ಮಜೀದ ಅವನಿಗೆ ಗಾಡಿ ಹೊಡೆಯಲು ಕಲಿಸಿದ. ಸವಾರಿಯೂ ಹತ್ತತೊಡಗಿತು. ಹಳೇದಂಡಿಯಿಂದ ಚಿತ್ತಾಪುರದ ಕೋರ್ಟಿಗೆ ಹೋಗುವವರು, ವಾಡಿಯಲ್ಲಿ ರೈಲು ಹಿಡಿಯುವವರು, ಸಂತೆಗೆ ಸೀರೆಯ ಗಂಟು ಒಯ್ಯುವವರು. ಆದರೆ ಗಾಡಿಯ ಲಹರಿಯೇ ಲಹರಿ. ವೇಗ ಹೆಚ್ಚಿದರೆ ಮುಂದಿನ ಚಕ್ರ ಮೈಮೇಲೆ ದೇವರು ಬಂದಂತೆ ನಡುಗುತ್ತಿತ್ತು. ಕಿಂಗ್‌ಪಿನ್ನು ಸವೆದಿದೆ ಎಂದು ಮಜೀದ ಬದಲಿಸಿದ, ಅರವತ್ತೆಂಟು ರೂಪಾಯಿ. ರೇಡಿಯೇಟರು ಸೋರಿತು, ಬೆಸುಗೆಗೆ ಹನ್ನೆರಡು. ಬ್ರೇಕು ಎರಡು ಸಲ ತುಳಿಯದೆ ಹಿಡಿಯುತ್ತಿರಲಿಲ್ಲ, ಅದರ ರಬ್ಬರಿಗೆ ಒಂಬತ್ತು. ಸೆಲ್ಫು ಹೋಯಿತು. ಅದಕ್ಕೆ ತೊಂಬತ್ತು ಆಗುತ್ತದೆ ಎಂದಾಗ ಅಂಬರಾಯ ಬೇಡವೆಂದು ಹ್ಯಾಂಡಲ್ ತಿರುಗಿಸಿಯೇ ಚಾಲೂ ಮಾಡತೊಡಗಿದ. ಬಿಸಿಲಿಗೆ ಪೆಟ್ರೋಲ್ ಪಂಪು ಮುಷ್ಕರ ಹೂಡಿದರೆ ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಬೇವಿನ ನೆರಳಲ್ಲಿ ನಿಲ್ಲಿಸಿ, ಸವಾರಿಯವರೊಂದಿಗೆ ಎಲೆಅಡಿಕೆ ಹಾಕುತ್ತ ಕೂಡುತ್ತಿದ್ದ. ಇಷ್ಟೆಲ್ಲ ಆದರೂ ಗಾಡಿ ಏರು ಮಾತ್ರ ಗಟಗಟ ಹತ್ತುತ್ತಿತ್ತು.

ಅವನ ಮನಸ್ಸು ಕೆಡಿಸಿದ್ದು ಇವು ಯಾವುವೂ ಅಲ್ಲ. ಅದರ ತೊಟ್ಟಿಕ್ಕುವಿಕೆ.

ದೋಣಿಯವರ ಮನೆಯಲ್ಲಿ ಒಂದು ರೂಢಿ. ಬೆಳಿಗ್ಗೆ ಜನರನ್ನು ಹತ್ತಿಸುವ ಮೊದಲು ದೋಣಿಯ ತಳವನ್ನು ಅಂಗೈಯಿಂದ ಪೂರ್ತಿ ಸವರಿ ನೋಡಬೇಕು. ಅಂಬರಾಯ ಜೀಪಿನ ಹೊಟ್ಟೆಯನ್ನೂ ಹಾಗೆಯೇ ಸವರುತ್ತಿದ್ದ. ಒಂದು ದಿನ ಇಂಜಿನ್ನಿನ ಹಿಂದೆ, ಗೇರಿನ ಪೆಟ್ಟಿಗೆಯ ಮುಂದೆ, ಕೆಳಗಡೆ ಕಿರುಬೆರಳು ಹೋಗುವಷ್ಟು ತೂತು ಸಿಕ್ಕಿತು. ಅದರಿಂದ ಕರಿ ಎಣ್ಣೆ ಹನಿಹನಿಯಾಗಿ ಬೀಳುತ್ತಿತ್ತು. ಎಲಾ! ತಳಕ್ಕೆ ತೂತು ಬಿದ್ದ ಗಾಡಿಯಲ್ಲಿ ಇಷ್ಟು ದಿನ ಮಂದಿಯ ಮಕ್ಕಳುಮರಿ ಕೂರಿಸಿಕೊಂಡು ತಿರುಗಿದೆನೇ ಎಂದು ಅವನ ಮೈ ಜುಮ್ಮೆಂದಿತು. ಎಣ್ಣೆ ಸೋರುತ್ತದೆ ಎಂದು ಹಿಂದೊಮ್ಮೆ ಹೇಳಿದಾಗ ಮಜೀದ ನಕ್ಕು, "ಹಳೇ ಗಾಡಿ ಸೋರಲಿಲ್ಲಂದ್ರ ಎಣ್ಣಿ ಮುಗದದ ಅಂತ ತಿಳಿ," ಎಂದಿದ್ದ. ಅಂಬರಾಯನಿಗೆ ಆ ಮಾತು ಹಿಡಿಸಿರಲಿಲ್ಲ. ದೋಣಿಯಾದರೇನು, ಜೀಪಾದರೇನು, ತೂತು ತೂತೇ. ಬೇವಿನ ಕಟ್ಟಿಗೆಯ ಬೂಚು ಕೆತ್ತಿ, ನಾರು ಸುತ್ತಿ, ಡಾಂಬರು ಸವರಿ, ದೋಣಿಯ ತಳದ ತೂತಿಗೆ ಬಡಿಯುವ ಹಾಗೆ ಬಡಿದು ಕೂರಿಸಿದ. ಸೋರಿಕೆ ಟಕ್ಕನೆ ನಿಂತಿತು. ಇಷ್ಟು ಸಣ್ಣ ಕೆಲಸ ಆ ದೊಡ್ಡ ಮಿಸ್ತ್ರಿಗೆ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ.

ಇನ್ನೊಂದು ರೂಢಿಯಿತ್ತು, ಕೆಲಸ ಕೆಡಿಸಿದ್ದು ಅದೇ. ದಂಡೆಗೆ ಕಟ್ಟಿದ ದೋಣಿಯನ್ನು ಬಿಟ್ಟು ಹೋಗುವಾಗ ದೋಣಿಯವನು ಬೂಚು ಕಿತ್ತು ತನ್ನೊಂದಿಗೆ ಒಯ್ಯುತ್ತಾನೆ. ಮಳೆಯ ನೀರು ಇಳಿದು ಹೋಗುತ್ತದೆ, ಮತ್ತೊಬ್ಬ ಅದನ್ನು ನೀರಿಗೆ ಇಳಿಸುವ ಧೈರ್ಯವನ್ನೂ ಮಾಡುವುದಿಲ್ಲ. ಅಂಬರಾಯ ಎಂಟನೇ ವಯಸ್ಸಿನಿಂದ ಇದನ್ನು ಮಾಡಿಕೊಂಡು ಬಂದವನು. ಅದಕ್ಕೇ ಜೀಪನ್ನು ಮಿಸ್ತ್ರಿಯ ಶೆಡ್ಡಿಗೆ ಬಿಡುವ ಮೊದಲು ದಾರಿಬದಿಯಲ್ಲಿ ನಿಲ್ಲಿಸಿ ಬೂಚು ಕೀಳುತ್ತಿದ್ದ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕಿತ್ತಾಗ ಧಪ್ಪೆಂದು ಸುರಿಯುವ ಎಣ್ಣೆಯನ್ನು ಡಬ್ಬಿಗೆ ಹಿಡಿದು ಊರಿನವರ ಬಂಡಿಯ ಅಚ್ಚಿಗೆ ಕೊಡುತ್ತಿದ್ದ. ಬೂಚಿಲ್ಲದಿದ್ದರೆ ಇಷ್ಟೂ ಮಣ್ಣುಪಾಲು ಆಗುತ್ತಿತ್ತಲ್ಲ ಎಂದು ಅವನಿಗೆ ಸಮಾಧಾನ. ಜೀಪು ವಾಪಸು ಸಿಕ್ಕ ಮೇಲೆ ಮತ್ತೆ ಬಡಿಯುತ್ತಿದ್ದ. ಇದನ್ನು ಯಾರಿಗೂ ಮುಚ್ಚಿಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಟ್ಟೆ ಎಂದು ಯಾರಾದರೂ ಹೇಳುತ್ತಾರೆಯೇ?

ಬೂಚು ಬಡಿದು ತಿಂಗಳಾಗುವಷ್ಟರಲ್ಲಿ ಜೀಪು ಏರಿನಲ್ಲಿ ಕೈಕೊಟ್ಟಿತು. ಇಂಜಿನ್ನು ಹೋ ಎಂದು ಒದರುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಮಜೀದ ಬಿಚ್ಚಿ ನೋಡಿದ. ಕ್ಲಚ್ಚಿನ ಪ್ಲೇಟು ಎಣ್ಣೆ ಕುಡಿದು ಜಾರುತ್ತಿತ್ತು. ಹೊಸ ಪ್ಲೇಟಿಗೆ ಎಂಬತ್ತೈದು, ಎಣ್ಣೆ ತಡೆಯುವ ಸೀಲಿಗೆ ಹದಿನಾಲ್ಕು, ಕೂಲಿ ಇಪ್ಪತ್ತು. ಗಾಡಿ ಕುದುರೆಯಾಯಿತು. ಮೂರೇ ವಾರ! ಮತ್ತೆ ಅದೇ ಹಾಡು. ಮಜೀದ ಮತ್ತೆ ಬಿಚ್ಚಿದ, ತಲೆ ಕೆರೆದುಕೊಂಡ. "ಸೀಲ್ ಛಲೋ ಅದ. ತೂತ ಖುಲ್ಲಾ ಅದ. ಮತ್ತ ಇಷ್ಟು ಎಣ್ಣಿ ಎಲ್ಲಿಂದ ಬರ್ಲಿಕತ್ತದ? ನನಗ ತಿಳೀವಲ್ದು," ಎಂದು ಒಂದು ದಿನ ಪೂರ್ತಿ ಅದರ ಮುಂದೆಯೇ ಕೂತ. ಕೊನೆಗೆ ಅದೇ ಪ್ಲೇಟು ತೊಳೆದು ಹಾಕಿಕೊಟ್ಟ, ಎರಡನೇ ಸಲ ಕೂಲಿ ತೆಗೆದುಕೊಳ್ಳಲಿಲ್ಲ. ಅಂಬರಾಯನಿಗೆ ಅದೇ ಸಂಶಯಕ್ಕೆ ದಾರಿಯಾಯಿತು. ಕೂಲಿ ಯಾಕೆ ಬೇಡವೆಂದ? ತಪ್ಪು ತನ್ನದೆಂದು ಗೊತ್ತಿದ್ದವನು ತಾನೇ ಕೂಲಿ ಬಿಡುವುದು?

ಮೂರನೇ ಸಲ ಕೈಕೊಟ್ಟದ್ದು ಚಿಂಚೋಳಿಯ ಗುಡ್ಡದ ಏರಿನಲ್ಲಿ. ಗಾಡಿಯ ತುಂಬ ಸವಾರಿ. ಅರ್ಧ ಏರಿನಲ್ಲಿ ಜೀಪು ಹಿಂದಕ್ಕೆ ಸರಿಯತೊಡಗಿತು. ಮುದುಕಿಯೊಬ್ಬಳು "ಯಪ್ಪಾ, ಸತ್ತೆ" ಎಂದು ಚೀರಿದಳು. ಅಂಬರಾಯ ಬ್ರೇಕು ಎರಡು ಸಲ ತುಳಿದ, ಗಂಡಸರು ಹಾರಿ ಚಕ್ರಕ್ಕೆ ಕಲ್ಲು ಕೊಟ್ಟರು, ದೇವರು ದೊಡ್ಡವನು. ಮೂವತ್ತು ವರ್ಷ ನೆರೆಯಲ್ಲಿ ದೋಣಿ ಹಾಕಿದವನ ಕೈಯಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಅಂದು ಮುದುಕಿಯನ್ನು ಅವನೇ ಕೈಹಿಡಿದು ಕೆಳಗಿಳಿಸಿದ. ಸವಾರಿಯವರು ಉಗಿದು, ದುಡ್ಡು ಕೊಡದೆ ನಡೆದೇ ಹೋದರು.

"ನಿಮ್ಮ ಮಜೀದಣ್ಣ ಏನಂತಾನ?" ಎಂದು ಮಾಣಿಕಮ್ಮ ರಾತ್ರಿ ರೊಟ್ಟಿ ಬಡಿಯುತ್ತ ಕೇಳಿದಳು.

"ತಿಳೀವಲ್ದು ಅಂತಾನ."

"ಅವಗ ತಿಳೀವಲ್ದು, ನಿಮಗ ತಿಳೀವಲ್ದು. ಮತ್ತ ನನ್ನ ಸರ ಯಾರ ಕೊಳ್ಳಾಗ ಅದ? ಅದಾದ್ರೂ ತಿಳೀತದೇನು?"

ಆ ಮಾತು ಚುಚ್ಚಿತು. ಮಾರನೆಯ ದಿನ ವಾಡಿಗೆ ಹೋದವನೇ ಮಜೀದನ ಶೆಡ್ಡಿನ ಎದುರಿನ ಚಹಾದಂಗಡಿಯಲ್ಲಿ, ಟಾಂಗಾದವರು, ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವರು ಎಲ್ಲರ ನಡುವೆ ನಿಂತು ಬಾಯಿ ಬಿಟ್ಟ. "ಕೇಳ್ರಿ ಎಲ್ಲಾರೂ! ಹೊಸಾ ಪ್ಲೇಟ ಅಂತ ರೊಕ್ಕ ತಗೊಂಡು ಹಳೇದು ತುರಕ್ಯಾನ ಈ ಮನಷ್ಯಾ. ಏರ ಹತ್ತಲಿಲ್ಲಂದ್ರ ನನ್ನ ಹೆಸರ ಹೇಳು ಅಂದಿದ್ದ. ಹೇಳಾಕತ್ತೀನಿ! ಇಪ್ಪತ್ತ ವರ್ಷ ನಾ ಇವನ್ನ ದಾಟಿಸಿದೆ, ಇವ ನನ್ನ ನಡುನೀರಾಗ ಮುಳುಗಿಸ್ಯಾನ!"

ಮಜೀದ ಎದ್ದು ಬಂದ. ಜಗಳಕ್ಕೆ ನಿಲ್ಲುತ್ತಾನೆ ಎಂದು ಜನ ಕಾದರು. ಅವನು ಮೆಲ್ಲಗೆ, "ಇನ್ನೊಮ್ಮಿ ಬಿಚ್ಚಿ ನೋಡ್ತೀನಿ, ಬಿಟ್ಟು ಹೋಗು," ಎಂದಷ್ಟೇ ಅಂದ. "ನೋಡಿದ್ದು ಸಾಕು!" ಎಂದು ಅಂಬರಾಯ ಜೀಪು ಹತ್ತಿದ. ತಪ್ಪಿಲ್ಲದವನು ಯಾಕೆ ಉಲ್ಟಾ ಬೈಯಲಿಲ್ಲ? ಅಲ್ಲಿಗೆ ಸಂಶಯ ಖಾತ್ರಿಯಾಯಿತು ಎಂದುಕೊಂಡ. ಊರು ಮುಟ್ಟುವಷ್ಟರಲ್ಲಿ ಅದೂ ಖಾತ್ರಿ ಉಳಿಯಲಿಲ್ಲ. ಆ ಮನುಷ್ಯ ಮೋಸ ಮಾಡುವವನಾಗಿದ್ದರೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯಾದರೂ ದೋಣಿಯ ದುಡ್ಡು ಉಳಿಸಿಕೊಳ್ಳುತ್ತಿರಲಿಲ್ಲವೇ?

ಆಮೇಲೆ ಶುರುವಾಯಿತು ಬೀದಿಬೀದಿ ಅಲೆದಾಟ. ಶಹಾಬಾದಿನ ಮಿಸ್ತ್ರಿ ಇಂಜಿನ್ನೇ ಹೋಗಿದೆ, ಸಿಲಿಂಡರು ಕೊರೆಸಿ ಬೋರು ಹೊಡೆಸಬೇಕು, ನಾಲ್ಕುನೂರು ಎಂದ. ಚಿತ್ತಾಪುರದವನು ಇಂಜಿನ್ನು ಬಂಗಾರದಂತಿದೆ, ಗೇರಿನ ಪೆಟ್ಟಿಗೆ ಸತ್ತಿದೆ, ಇನ್ನೂರೈವತ್ತು ಎಂದ. ಮತ್ತೊಬ್ಬ ಎರಡೂ ಸರಿಯಿವೆ, ನಿನಗೆ ಹೊಡೆಯಲು ಬರುವುದಿಲ್ಲ ಎಂದು ನಕ್ಕ. ಹೋದಲ್ಲೆಲ್ಲ ಅಂಬರಾಯ ದಾರಿಬದಿಗೆ ನಿಲ್ಲಿಸಿ ಬೂಚು ಕಿತ್ತು ಜೇಬಿಗಿಟ್ಟುಕೊಂಡೇ ಒಳಗೆ ಹೋಗುತ್ತಿದ್ದ. ಎಲ್ಲರ ಮಾತೂ ಖರೆ ಎನಿಸುತ್ತಿತ್ತು, ಎಲ್ಲರದೂ ಸುಳ್ಳು ಎನಿಸುತ್ತಿತ್ತು. ಶೆಡ್ಡಿನಲ್ಲಿ ಎರಡು ದಿನ ಬಿಟ್ಟರೆ ಗಾಡಿ ತಾನಾಗಿಯೇ ಚೂರು ಸುಧಾರಿಸುತ್ತಿತ್ತು, ಅದರಿಂದ ತಲೆ ಇನ್ನೂ ಕೆಡುತ್ತಿತ್ತು. ಊಟ ಮಾಡುತ್ತ ಮಾಡುತ್ತ ತುತ್ತು ಕೈಯಲ್ಲೇ ಹಿಡಿದು ಕೂಡುತ್ತಿದ್ದ. ದೋಣಿಯೇ ಸುಖ, ಮುಳುಗಿದರೆ ಮುಳುಗಿತು, ತೇಲಿದರೆ ತೇಲಿತು. ಈ ದರಿದ್ರದ ಗಾಡಿ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ! ಹೀಗೆ ಮೂರು ತಿಂಗಳು ಹೋದವು. ಯುಗಾದಿ ಕಳೆದ ಮೇಲೆ ಖಣಿಗೆ ಹೆಸರು ಬರೆಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡರು.

ಯುಗಾದಿಗೆ ಎಂಟು ದಿನ ಇರುವಾಗ ಸೇಡಂಗೆ ಹೊರಟ ಜೀಪು ಊರು ಎರಡು ಮೈಲಿ ಇರುವಂತೆ ಪೂರ್ತಿ ನಿಂತಿತು. ಯಾರದೋ ಎತ್ತು ಕಟ್ಟಿ ಎಳೆಸಿಕೊಂಡು ಹೋಗಬೇಕಾಯಿತು. ಬಸ್ ಸ್ಟ್ಯಾಂಡಿನ ಹಿಂದೆ ಶಿವರಾಯ ಎಂಬ ಮಿಸ್ತ್ರಿಯ ಶೆಡ್ಡು. ಎತ್ತುಗಳು ಜೀಪನ್ನು ಸೀದಾ ಒಳಗೇ ಎಳೆದು ನಿಲ್ಲಿಸಿದವು. ಅಂಬರಾಯ ಎತ್ತಿಗೆ ನೀರು ಕುಡಿಸಿ, ಎತ್ತಿನವನಿಗೆ ಚಹಾ ಹೇಳಿ ಬರುವಷ್ಟರಲ್ಲಿ ಶಿವರಾಯ ಗಾಡಿಯ ಕೆಳಗೆ ಮಲಗಿದ್ದ. ಬೂಚು ಕೀಳುವುದು ಆ ಗಡಿಬಿಡಿಯಲ್ಲಿ ಉಳಿದೇ ಹೋಗಿತ್ತು.

"ಇದೇನಪಾ ಇದು!" ಎಂದು ಕೆಳಗಿನಿಂದ ಕೂಗು ಬಂತು. ಕಟಕ್ ಎಂದು ಏನೋ ಕಿತ್ತ ಸದ್ದು, ಹಿಂದೆಯೇ ಕರಿ ಎಣ್ಣೆ ದಬದಬ ಸುರಿಯಿತು. ಶಿವರಾಯ ಮೈಯೆಲ್ಲ ಮಸಿ ಮಾಡಿಕೊಂಡು ಹೊರಬಂದ. "ಇದನ್ನ ಯಾವ ಮಗಾ ಬಡದಾನ ಇಲ್ಲಿ?"

ಅಂಬರಾಯ ಬಗ್ಗಿ ಬೂಚು ನೋಡಿದ. "ಯಾಕ್ರಿ, ತೂತ ಇತ್ತಲ್ಲ?"

"ತೂತ ಇರಬೇಕಪಾ! ಹಳೇ ಇಂಜಿನ್ ಅಂದ್ರ ಹಿಂದಿಂದ ಹನಿಹನಿ ಎಣ್ಣಿ ಬಿಟ್ಟೇ ಬಿಡ್ತದ. ಅದು ಕೆಳಗ ಹೋಗ್ಲಿ ಅಂತ ಇಟ್ಟ ದಾರಿ ಇದು. ಮಿಲಿಟರಿಯವ್ರು ಹಳ್ಳ ದಾಟೋ ಹೊತ್ತಿಗಷ್ಟೇ ಮುಚ್ಚತಿದ್ರು, ದಾಟಿದ ಮ್ಯಾಲ ತಗದುಬಿಡತಿದ್ರು. ಮುಚ್ಚಿಟ್ರ ಎಣ್ಣಿ ತುಂಬಿ ಕ್ಲಚ್ ಪ್ಲೇಟಿಗೆ ಹತ್ತತದ, ಪ್ಲೇಟ್ ಜಾರತದ. ಇನ್ನ ಏರ ಹ್ಯಾಂಗ ಹತ್ತಬೇಕು?" ಶಿವರಾಯ ಬಟ್ಟೆಯಿಂದ ಮುಖ ಒರೆಸಿಕೊಂಡ. ಶೆಡ್ಡಿನಲ್ಲಿ ಏಳೆಂಟು ಜನ ನೆರೆದಿದ್ದರು. "ಮೊದ್ಲ ಯಾರ ಕೈಯಾಗ ಇತ್ತು ಗಾಡಿ?"

"ವಾಡಿ ಮಜೀದನ ಕೈಯಾಗ," ಎಂದ ಅಂಬರಾಯ.

"ಹಂಗಂದ್ರ ಅವಂದೇ ಕೆಲ್ಸ. ನೀ ಮತ್ತ ಮತ್ತ ಬರ್ಲಿ ಅಂತ ಬಡದಾನ. ಹಳೇ ಪ್ಲೇಟ ಹಾಕ್ತಾನ ಅಂತ ಕೇಳಿದ್ದೆ, ಇದನ್ನೂ ಮಾಡ್ತಾನೇನು ಮುದಕ!"

ಹೇಳಬೇಕಿತ್ತು. ಒಂದೇ ಮಾತು, ಅಲ್ಲಿಯೇ, ಆಗಲೇ. ನಾಲಿಗೆ ಎದ್ದಿತ್ತು ಕೂಡ. ಆದರೆ ಏಳೆಂಟು ಜೋಡಿ ಕಣ್ಣು, ಅವರ ಬಾಯಲ್ಲಿ ಸಿದ್ಧವಾಗಿದ್ದ ನಗೆ. ಅಂಬರಾಯ ತಲೆ ತಗ್ಗಿಸಿ ಸುಮ್ಮನೆ ನಿಂತ. ಶಿವರಾಯ ಸಂಜೆಯವರೆಗೆ ಪ್ಲೇಟು ತೊಳೆದು, ಒಣಗಿಸಿ, ಉಜ್ಜಿ ಹಾಕಿಕೊಟ್ಟ. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. "ಪ್ಲೇಟ ಇನ್ನೂ ಹೊಸಾದೇ ಅದ, ಸೀಲೂ ಛಲೋ ಅದ," ಎಂದು ಬೇರೆ ಹೇಳಿದ.

ಹೊಸದೇ ಇದೆ. ಅಂದರೆ ಮಜೀದ ಹಾಕಿದ್ದು ಹೊಸದೇ.

ವಾಪಸು ಬರುವಾಗ ಜೀಪು ಏರುಗಳನ್ನು ಲೆಕ್ಕಕ್ಕೇ ಇಡಲಿಲ್ಲ. ಮೂರು ತಿಂಗಳಿನಿಂದ ಕಾದಿದ್ದ ಸುಖ ಅದು, ಆದರೆ ಅಂಬರಾಯನಿಗೆ ಒಂದು ಗುಟುಕೂ ಇಳಿಯಲಿಲ್ಲ. ಖಣಿ ತಪ್ಪಿತು, ಅನ್ನ ಉಳಿಯಿತು. ಮತ್ತೆ ಯಾಕೆ ಈ ಸಂಕಟ? ಯಾರಿಗೂ ಗೊತ್ತಿಲ್ಲ, ಹೇಳದಿದ್ದರೆ ನಡೆಯುತ್ತದೆ. ಶಿವರಾಯನೇ ಮಜೀದನ ಹೆಸರು ಹೇಳಿದ, ನಾನು ಹೇಳಿದೆನೇ? ನಾನೇ ಹೇಳಿದೆ ಕಣಪ್ಪಾ, ಯಾರ ಕೈಯಲ್ಲಿತ್ತು ಎಂದಾಗ ಇನ್ಯಾರು ಬಾಯಿಬಿಟ್ಟದ್ದು! ಹೀಗೆ ತನ್ನೊಂದಿಗೆ ತಾನೇ ಜಗಳಾಡುತ್ತ ಚಿತ್ತಾಪುರ ದಾಟಿದ. ಹಳೇದಂಡಿಯ ತಿರುವೂ ಹೋಯಿತು. ಗಾಡಿ ವಾಡಿಗೇ ಬಂದು ನಿಂತಿತು.

ಹೊತ್ತು ಮುಳುಗುತ್ತಿತ್ತು. ಶೆಡ್ಡಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಮಜೀದ ಸ್ಟೂಲಿನ ಮೇಲೆ ಕೂತು ಸೈಕಲ್ಲಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ಮಗ್ಗುಲಲ್ಲಿ ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಜೀಪು ನೋಡಿದ್ದೇ ಅವಳು ಮುಖ ತಿರುಗಿಸಿದಳು. ಬೈಯಲಿ, ಉಗಿಯಲಿ, ಪಾನಾ ತೆಗೆದುಕೊಂಡು ಹೊಡೆದರೂ ಹೊಡೆಯಲಿ ಎಂದು ಗಟ್ಟಿ ಮಾಡಿಕೊಂಡು ಅಂಬರಾಯ ಇಳಿದ. ನಿಂತಲ್ಲೇ ಎಲ್ಲ ಹೇಳಿದ: ತೂತು, ಬೂಚು, ಶೆಡ್ಡಿಗೆ ಬರುವ ಮೊದಲು ಕೀಳುತ್ತಿದ್ದದ್ದು, ಡಬ್ಬಿಯ ಎಣ್ಣೆ, ಸೇಡಂನಲ್ಲಿ ತುಟಿ ಬಿಚ್ಚದೆ ನಿಂತದ್ದು. ಏನೂ ಬಿಡಲಿಲ್ಲ.

ಮಜೀದ ಟ್ಯೂಬು ಕೆಳಗಿಟ್ಟ. ಕೈಯ ನೀರು ಒರೆಸಿಕೊಂಡ. ಆಮೇಲೆ ಕೇಳಿದ: "ಪ್ಲೇಟ?"

"ಹೊಸಾದೇ ಅದ ಅಂದ. ನೀ ಹಾಕಿದ್ದು."

"ಸೀಲು?"

"ಸೀಲೂ ಛಲೋ ಅದ ಅಂದ. ನಿಂದು ಏನೂ ತಪ್ಪಿಲ್ಲಣ್ಣ. ಎಲ್ಲಾ ನಂದೇ."

ಮಜೀದ ಹೆಂಡತಿಯ ಕಡೆ ತಿರುಗಿದ. "ಕೇಳ್ದೇನು? ನಾ ಮಾಡಿದ್ದು ಬರೋಬ್ಬರಿ ಇತ್ತಂತ," ಎಂದ. ಮತ್ತೊಮ್ಮೆ, "ಬರೋಬ್ಬರಿ ಇತ್ತಂತ," ಎಂದ. ಎಂದವನೇ ಮಸಿಗೈಯಲ್ಲೇ ಮುಖ ಮುಚ್ಚಿಕೊಂಡು ಸಣ್ಣ ಮಕ್ಕಳ ಹಾಗೆ ಅತ್ತ.

ಅಂಬರಾಯ ಕಕ್ಕಾಬಿಕ್ಕಿಯಾದ. ಬೈಸಿಕೊಳ್ಳಲು ಬಂದವನು ಅವನು, ಇದಕ್ಕೆ ಅವನ ಹತ್ತಿರ ತಯಾರಿ ಇರಲಿಲ್ಲ. "ಬೈಯಿ ಅಣ್ಣಾ, ಹೊಡಿ ಬೇಕಾದ್ರ," ಎಂದ.

ಉತ್ತರ ಕೊಟ್ಟದ್ದು ಮಜೀದನ ಹೆಂಡತಿ. "ಮೂರ ತಿಂಗಳಾತು, ಒಂದ ಇಂಜಿನ್ ಮುಟ್ಟಿಲ್ಲ ಇವ್ರು. ಮಂದಿ ಬಿಟ್ಟಿದ್ದಲ್ಲ, ಬಂದವ್ರಿಗೂ ಇವ್ರೇ ಒಲ್ಲೆ ಅಂದು ಕಳಿಸ್ಯಾರ."

"ಯಾಕಣ್ಣಾ?"

ಮಜೀದ ಮುಖ ಒರೆಸಿಕೊಂಡ. "ಸಿಟ್ಟ ಬಂದಿರಲಿಲ್ಲೋ ಅಂಬರಾಯ. ನೀ ಸುಳ್ಳ ಹೇಳಾವಲ್ಲ ಅಂತ ನನಗ ಗೊತ್ತಿತ್ತಲ್ಲ. ಎರಡ ಸಲ ಬಿಚ್ಚಿದೆ, ತಿಳೀಲಿಲ್ಲ. ವಯಸ್ಸಾತು, ಎಲ್ಲೋ ತಪ್ಪಿ ಹಳೇ ಪ್ಲೇಟೇ ಹಾಕಿದ್ನೇನೋ, ನನಗೇ ನೆನಪಿಲ್ಲೇನೋ ಅಂತ ತಿಳಿದೆ. ನೀ ಅಂದದ್ದು ಖರೇ ಅಂತ ನಂಬಿದ್ದೆ ನಾ."

ಅಂಬರಾಯ ಅಲ್ಲೇ ನೆಲಕ್ಕೆ ಕೂತ. ಈ ಮನುಷ್ಯನ ಮಾತು ನಂಬಬೇಕೋ ಬೇಡವೋ ಎಂದು ತಾನು ತಿಂಗಳುಗಟ್ಟಲೆ ಒದ್ದಾಡಿದ್ದ. ಅವನೋ ತನ್ನ ಮಾತನ್ನು ಒಂದೇ ದಿನದಲ್ಲಿ ನಂಬಿಬಿಟ್ಟಿದ್ದ. ಚಹಾದಂಗಡಿಯವನು ಇಣುಕಿ ನೋಡಿದ, ಇನ್ನಿಬ್ಬರು ಬಂದರು. ಅಂಬರಾಯ ಎದ್ದು ಅವರಿಗೂ ಹೇಳಿದ, ಅವರು ನಕ್ಕರು. ಮಾರನೆಯ ದಿನ ಖಾಲಿ ಜೀಪು ಹೊಡೆದುಕೊಂಡು ಸೇಡಂಗೆ ಹೋಗಿ ಶಿವರಾಯನ ಶೆಡ್ಡಿನಲ್ಲಿ ನಿಂತು ಹೇಳಿದ. ಅಲ್ಲಿಯೂ ನಕ್ಕರು. ಆ ವಾರವೆಲ್ಲ ಶಹಾಬಾದು, ಚಿತ್ತಾಪುರ, ಚಿಂಚೋಳಿ ಎಂದು ಒಂದೊಂದೇ ಊರಿಗೆ ಹೋಗಿ, ತನ್ನ ಬಾಯಿಂದ ಮಜೀದನ ಹೆಸರು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲಲ್ಲಿ ನಿಂತು ಹೇಳಿ ಬಂದ. ಈ ತಿರುಗಾಟದಲ್ಲಿ ದುಡ್ಡು ಮುಟ್ಟಬಾರದೆಂದು ಸವಾರಿ ಮಾತ್ರ ಹತ್ತಿಸಿಕೊಳ್ಳಲಿಲ್ಲ.